ಒಡ್ಡಿ ಬಾಗಿಲು

ಸಂಜೆ ಆರೂವರೆಗೆ ಕಾಫಿ ಲೋಟ ತುಟಿಗೆ ತಾಗುವ ಹೊತ್ತಿಗೇ ಒಳಗಿನಿಂದ ಕೂಗು ಬರುತ್ತದೆ. "ಕೋಳಿ ಒಡ್ಡಿ ಬಾಗಿಲು ಹಾಕಿದ್ರಾ?" ಹನ್ನೆರಡು ವರ್ಷದಿಂದ ಇದೇ ಪ್ರಶ್ನೆ. ಮೊನ್ನೆ "ಹಾಕಿದೀನಿ ಮಾರಾಯ್ತಿ" ಎಂದು ಕೂತಲ್ಲೇ ಸುಳ್ಳು ಹೇಳಿದೆ. ಆಮೇಲೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಕೋಳಿಗೆ ಶತ್ರುಗಳು ಪಾಳಿ ಹಾಕಿಕೊಂಡು ಬರುತ್ತವೆ. ಹಗಲಿಗೆ ಮುಂಗುಸಿ ಮತ್ತು ಗಿಡುಗ, ರಾತ್ರಿಗೆ ಕಬ್ಬೆಕ್ಕು. ಹೂಮರಿಗಳಿಗೆ ಕಾಗೆಯೊಂದೇ ಸಾಕು. ಭಾನುವಾರಕ್ಕೆ ನಾವಿದ್ದೇವೆ, ಅದು ಬೇರೆ ಮಾತು.

ಬಲೆ ತರಲು ಹೋದಾಗ ಅಂಗಡಿಯವನು ಕೇಳಿದ್ದ: "ಒಳಗಿಂದು ಹೊರಗೆ ಹೋಗಬಾರದೋ, ಹೊರಗಿಂದು ಒಳಗೆ ಬರಬಾರದೋ? ಎರಡಕ್ಕೂ ರೇಟು ಬೇರೆ ಸಾರ್." ತೆಳು ಬಲೆ ಕೋಳಿಯನ್ನು ತಡೆಯುತ್ತದೆ, ನಾಯಿಯನ್ನಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದು, ಒಂದಡಿ ನೆಲದೊಳಗೂ ಹೂತೆ. ಆದರೆ ಬಾಗಿಲು? ಅದನ್ನು ನಾನೇ ಹಾಕಬೇಕಲ್ಲ.

ಆ ಹುಂಜ ಹೋದದ್ದೂ ಬಾಗಿಲಿನ ದೆಸೆಯಿಂದಲೇ.

ಅದು ಚೌಡಿಗೆ ಬಿಟ್ಟ ಹರಕೆ ಹುಂಜ. ನೆಂಟರು ಬಂದರೂ ಮುಟ್ಟುವಂತಿಲ್ಲ. ಇದು ಅದಕ್ಕೂ ಗೊತ್ತಿತ್ತು ಎಂದೇ ನನ್ನ ಗುಮಾನಿ. ಜಗಲಿ ಹತ್ತಿ ನನ್ನ ಕುರ್ಚಿಯ ಮೇಲೆ ಹಿಕ್ಕೆ ಹಾಕುತ್ತಿತ್ತು. ಒಣಗಲು ಹಾಕಿದ ಅಡಿಕೆಯನ್ನು ಕಾಲಲ್ಲಿ ಕೆದರಿ, ಓಡಿಸಲು ಹೋದ ನನ್ನ ಹಿಮ್ಮಡಿಗೇ ಕುಟುಕುತ್ತಿತ್ತು. ಕೆಂಪು ಮೈ, ಹಸಿರು ಮಿಂಚುವ ಬಾಲ, ಒಂದು ಕಡೆ ವಾಲಿದ ಜುಟ್ಟು. ಸಹಿಸಿಕೊಂಡೆ. ದೇವರ ಸೊತ್ತು ಅಲ್ವಾ?

ಒಂದು ಬೆಳಿಗ್ಗೆ ನೋಡಿದರೆ ಚಿಲಕ ಹಾಕಿಲ್ಲ, ಹುಂಜ ಇಲ್ಲ. ಬೇಲಿಯವರೆಗೆ ಕೆಂಪು ಪುಕ್ಕ.

ಹ್ಯಾಟೆಗಳೆಲ್ಲ ಅಡ್ಡೆಯ ಮೇಲೆ ಸುಮ್ನೆ ಕೂತಿದ್ದವು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಸಾಕ್ಷಿ ಹೇಳುವವರು ಯಾರೂ ಇಲ್ಲ.

"ಚೌಡಿಯೇ ಬಂದು ತಗೊಂಡು ಹೋಗಿದಾಳೆ" ಎಂದರು ಅಮ್ಮ. ಹಾಗಾದರೆ ಹರಕೆ ತೀರಿತು. ಪಕ್ಕದ ಮನೆಯವರು ಪುಕ್ಕ ಮೂಸಿ ನೋಡಿ "ಕಬ್ಬೆಕ್ಕು" ಎಂದರು. ಹಾಗಾದರೆ ಹರಕೆ ಬಾಕಿ, ಇನ್ನೊಂದು ಹುಂಜ ಸಾಕಬೇಕು. ನನಗೆ ಅನುಮಾನ ಇದ್ದದ್ದು ಅವರ ನಾಯಿಯ ಮೇಲೆ. ಹಾಗಾದರೆ ಹುಂಜ ಕೊಡಬೇಕಾದವರು ಅವರು. ಕೇಳಿದ್ದಕ್ಕೆ "ನಮ್ಮದು ಪ್ಯಾಕೆಟ್ ಊಟ ಬಿಟ್ಟು ಬೇರೆ ಮುಟ್ಟಲ್ಲ" ಎಂದರು. ಆ ನಾಯಿ ನಮ್ಮ ಹಿತ್ತಲಲ್ಲಿ ಮೀನಿನ ತಲೆ ತಿನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈ ಊರಲ್ಲಿ ಯಾರ ನಾಯಿಯೂ ಕೋಳಿ ಹಿಡಿಯುವುದಿಲ್ಲ. ಹಿಡಿಯುವುದೆಲ್ಲ ಬೇರೆಯವರ ನಾಯಿ.

ಚೌಡಿ ಬನದಲ್ಲಿ ಪೂಜೆ ಮಾಡುವವರನ್ನು ಕೇಳಿದೆ. ಅವರು ಎಲೆ ಅಡಿಕೆ ಜಗಿದು ಮುಗಿಸಿ ತೀರ್ಪು ಕೊಟ್ಟರು: "ನೀವಾಗಿ ಕೊಟ್ಟಿದ್ದು ಮಾತ್ರ ಲೆಕ್ಕ. ತಗೊಂಡು ಹೋಗಿದ್ದು ಲೆಕ್ಕಕ್ಕಿಲ್ಲ." ಇದರಲ್ಲಿ ಏನೋ ದೊಡ್ಡ ಮಾತಿದೆ ಅಂತ ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಮನೆ ಮುಟ್ಟುವಷ್ಟರಲ್ಲಿ ಹೊಸ ಹುಂಜದ ರೇಟು ನೆನಪಾಗಿ ಅದು ಮರೆತೇಹೋಯಿತು.

ಮೊನ್ನೆಯ ಸುಳ್ಳಿನ ವಿಷಯ ಹೇಳುತ್ತಿದ್ದೆ. ಕಾಫಿ ಬಿಟ್ಟು ಟಾರ್ಚು ಹಿಡಿದು ಹೋದೆ. ಒಡ್ಡಿಯೊಳಗೆ ಬೆಳಕು ಬಿಟ್ಟು ಎಣಿಸಿದೆ. ಹನ್ನೊಂದು ಇರಬೇಕು. ಹನ್ನೆರಡು ಇದ್ದವು. ಮತ್ತೆ ಎಣಿಸಿದೆ. ಕೊನೆಯಲ್ಲಿ ದಪ್ಪಗೆ ಕೂತಿದ್ದದ್ದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ತಳಿ, ಮೈಭಾರಕ್ಕೆ ಸರಿಯಾಗಿ ಹಾರಲೂ ಬಾರದು. ನಮ್ಮಲ್ಲಿರುವುದೆಲ್ಲ ನಾಟಿ. ಗಿರಿರಾಜ ಸಾಕಿರುವುದು ಪಕ್ಕದ ಮನೆಯವರು ಮಾತ್ರ.

ಬೇಲಿಯಾಚೆ ಅವರ ಮನೆಯ ದೀಪ ಉರಿಯುತ್ತಿತ್ತು. "ಬಾ ಬಾ ಬಾ" ಎಂದು ಯಾರೋ ಅಕ್ಕಿ ತಟ್ಟೆ ಬಡಿಯುತ್ತಿದ್ದರು.

ನಾನು ಒಡ್ಡಿ ಬಾಗಿಲು ಹಾಕಿದೆ. ಚಿಲಕವನ್ನು ಎರಡು ಸಲ ಎಳೆದು ನೋಡಿದೆ.