ಮೆಟ್ಟಿಲ ಮೇಲೆ ಕೂತು ಟೀ ಕುಡಿದವಳು

ನಿನ್ನೆ ರಾತ್ರಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಮತ್ತೆ ನೋಡಿದೆ. 1995ರ ಸಿನಿಮಾ, ಆಂಗ್ ಲೀ ನಿರ್ದೇಶನ, ಜೇನ್ ಆಸ್ಟೆನ್ ಕಾದಂಬರಿ ಆಧರಿಸಿದ್ದು. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಯಾರಿಗಾದರೂ ನೋಡಿ ಅಂದರೆ, "ಅದು ಹಳೇ ಕಾಲದ ಲವ್ ಸ್ಟೋರಿ ಅಲ್ವಾ, ಬರೀ ಗೌನು, ಡ್ಯಾನ್ಸು" ಅನ್ನುತ್ತಾರೆ. ನನಗೆ ಅದು ಮೊದಲು ಮನೆ ಕಳೆದುಕೊಂಡ ನಾಲ್ಕು ಹೆಂಗಸರ ಕಥೆ. ಪ್ರೀತಿ ಬರುವುದು ಆಮೇಲೆ. ಆ ದುಡ್ಡಿನ ಲೆಕ್ಕ ಬಿಟ್ಟು ನೋಡಿದರೆ ಆ ಪ್ರೀತಿಯ ನೋವು ತಟ್ಟುವುದೇ ಇಲ್ಲ.

ಶುರುವಿನಲ್ಲೇ ಅಪ್ಪ ಸಾಯುತ್ತಾನೆ. ನಾರ್ಲೆಂಡ್ ಎಂಬ ದೊಡ್ಡ ಮನೆ, ಆಸ್ತಿ, ಎಲ್ಲ ಮೊದಲ ಹೆಂಡತಿಯ ಮಗನಿಗೆ. ಎರಡನೇ ಹೆಂಡತಿ ಮತ್ತು ಅವಳ ಮೂವರು ಹೆಣ್ಣುಮಕ್ಕಳಿಗೆ ಸೇರಿ ವರ್ಷಕ್ಕೆ 500 ಪೌಂಡ್. ಅವರನ್ನು ನೋಡಿಕೋ ಎಂದು ಸಾಯುವ ಮೊದಲು ಅಪ್ಪ ಮಗನಿಂದ ಮಾತು ತೆಗೆದುಕೊಂಡಿರುತ್ತಾನೆ. ಮಗ ಜಾನ್ ಕೆಟ್ಟವನೇನಲ್ಲ. 3000 ಪೌಂಡ್ ಕೊಡೋಣ ಅಂದುಕೊಂಡಿರುತ್ತಾನೆ. ಹೆಂಡತಿ ಫ್ಯಾನಿ ಮೆಲ್ಲಗೆ ಮಾತು ತೆಗೆಯುತ್ತಾಳೆ. 3000 ಇದ್ದದ್ದು 1500 ಆಗುತ್ತದೆ. ಅದೂ ಜಾಸ್ತಿ, ಅಮ್ಮನಿಗೆ ವರ್ಷಕ್ಕೆ 100 ಸಾಕು ಅಂತಾಗುತ್ತದೆ. ವರ್ಷ ವರ್ಷ ದುಡ್ಡು ಸಿಗುವವರು ಬೇಗ ಸಾಯುವುದಿಲ್ಲ ಅನ್ನುತ್ತಾಳೆ ಫ್ಯಾನಿ. ಹಾಗಾದರೆ ಆಗೊಮ್ಮೆ ಈಗೊಮ್ಮೆ ಕೈಯಲ್ಲಿಷ್ಟು ಕೊಟ್ಟರಾಯಿತು. ಕೊನೆಗೆ ಅದೂ ಇಲ್ಲ. ಕಾದಂಬರಿಯಲ್ಲಿ ಇದು ಎರಡನೇ ಅಧ್ಯಾಯದ ಒಂದೇ ಮಾತುಕತೆ. ಸಿನಿಮಾದಲ್ಲಿ ಗಂಡ ಹೆಂಡತಿ ಇದನ್ನು ಸಾರೋಟಿನಲ್ಲಿ ಬರುತ್ತಾ ಆಡುತ್ತಾರೆ. ನಾರ್ಲೆಂಡ್ ಹತ್ತಿರವಾದಷ್ಟೂ ಮೊತ್ತ ಕರಗುತ್ತದೆ. ಯಾರೂ ದನಿ ಏರಿಸುವುದಿಲ್ಲ.

ಈ ಮಾತುಕತೆ ನಾನು ಕೇಳಿದ್ದೇನೆ. ತಾತ ತೀರಿಕೊಂಡ ಮೇಲೆ ನಮ್ಮ ಜಗಲಿಯಲ್ಲೇ. "ಅವಳಿಗೇನು ಕಡಿಮೆ, ಗಂಡನಿಗೆ ನೌಕರಿ ಇದೆ." "ಹಬ್ಬಕ್ಕೆ ಕರೆದು ಅರಿಶಿನ ಕುಂಕುಮ ಕೊಡ್ತೀವಲ್ಲ." ಅವಳು ಅಂದರೆ ನಮ್ಮಪ್ಪನ ಅಕ್ಕ, ನನ್ನ ದೊಡ್ಡತ್ತೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು, ಇಡೀ ದೇಶಕ್ಕೆ ಬರಲು 2005 ಆಯಿತು. ಆದರೆ ನಮ್ಮ ರಾಜ್ಯದ ಕಾನೂನು 1994ಕ್ಕೆ ಮೊದಲೇ ಮದುವೆ ಆಗಿದ್ದವರನ್ನು ಹೊರಗಿಟ್ಟಿತ್ತು. ದೊಡ್ಡತ್ತೆಗೆ ಅದು ಸಿಗಲಿಲ್ಲ. ತಾತನ ಪಾಲಿನಲ್ಲಿ ಮಾತ್ರ ಅವಳಿಗೂ ಹಕ್ಕಿತ್ತು. ಅದಕ್ಕೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಸಹಿ ಹಾಕಿದ ದಿನ ಅವಳಿಗೆ ಒಂದು ಹಸಿರು ಸೀರೆ ಕೊಟ್ಟರು. ಆ ಮನೆಯಲ್ಲಿ ಬೆಳೆದವಳು ನಾನು.

ಜೇನ್ ಆಸ್ಟೆನ್ ಇದನ್ನು ಸುಮ್ನೆ ಕಲ್ಪಿಸಿಕೊಂಡು ಬರೆದವಳಲ್ಲ. 1805ರಲ್ಲಿ ಅವಳ ಅಪ್ಪ ಬಾತ್ ಊರಿನಲ್ಲಿ ತೀರಿಕೊಂಡರು. ಅಮ್ಮ, ಅಕ್ಕ ಕಸಾಂಡ್ರಾ, ಜೇನ್ ಮೂವರೂ ನಾಲ್ಕು ವರ್ಷ ಆ ಮನೆ ಈ ಮನೆ ಅಂತ ಅಲೆದರು. 1809ರಲ್ಲಿ ಶ್ರೀಮಂತ ಅಣ್ಣ ಎಡ್ವರ್ಡ್ ಚಾಟನ್‌ನಲ್ಲಿ ಒಂದು ಮನೆ ಕೊಟ್ಟ. ಅಲ್ಲಿದ್ದಾಗಲೇ, 1811ರಲ್ಲಿ, ಈ ಪುಸ್ತಕ ಹೊರಬಂತು. ಅದರ ಮೇಲೆ ಅವಳ ಹೆಸರಿಲ್ಲ, 'ಒಬ್ಬ ಮಹಿಳೆ ಬರೆದದ್ದು' ಅಂತಷ್ಟೇ ಇತ್ತು. ಮೊದಲ ಮುದ್ರಣದಿಂದ ಅವಳ ಕೈಗೆ ಬಂದದ್ದು 140 ಪೌಂಡ್.

ಸಿನಿಮಾ ಈ ಲೆಕ್ಕವನ್ನು ಕೊನೆಯವರೆಗೂ ಮರೆಯುವುದಿಲ್ಲ. ಬಾಡಿಗೆಯ ಪುಟ್ಟ ಮನೆಗೆ ಬಂದ ಮೇಲೆ ಹಿರಿಯ ಮಗಳು ಎಲಿನರ್ ಸಕ್ಕರೆ ನಿಲ್ಲಿಸಿಬಿಟ್ಟಿರುತ್ತಾಳೆ. ಈಗ ದನದ ಮಾಂಸವೂ ಇಲ್ಲವೇ ಎಂದು ಅಮ್ಮ ಗೊಣಗುತ್ತಾಳೆ. ಅಮ್ಮ ಮಗುವಾಗಿ, ಮಗಳು ಅಮ್ಮನಾಗಿ ಬಿಟ್ಟ ಮನೆ ಅದು.

ನನಗೆ ತುಂಬಾ ಇಷ್ಟದ ದೃಶ್ಯ ಇನ್ನೊಂದಿದೆ. ತಂಗಿ ಮರಿಯಾನ್ ಪ್ರೀತಿಸಿದ ವಿಲ್ಲೋಬಿ ಇದ್ದಕ್ಕಿದ್ದಂತೆ ಲಂಡನ್‌ಗೆ ಹೊರಟು ಹೋಗುತ್ತಾನೆ. ಮರಿಯಾನ್ ಅಳುತ್ತಾ ಓಡಿ ಕೋಣೆ ಬಾಗಿಲು ಹಾಕಿಕೊಳ್ಳುತ್ತಾಳೆ. ಅಮ್ಮನೂ ಅಳುತ್ತಾ ಬಾಗಿಲು ಹಾಕಿಕೊಳ್ಳುತ್ತಾಳೆ. ಪುಟ್ಟ ಮಾರ್ಗರೆಟ್ ಕೂಡ. ಎಲ್ಲ ಬಾಗಿಲ ಹಿಂದಿನಿಂದಲೂ ಅಳು. ತಂಗಿಗೆ ಅಂತ ತಂದ ಟೀ ಹಾಗೇ ಉಳಿದಿದೆ. ಎಲಿನರ್ ಮೆಟ್ಟಿಲ ಮೇಲೆ ಕೂತು ಅದನ್ನು ತಾನೇ ಕುಡಿಯುತ್ತಾಳೆ. ಮಾತಿಲ್ಲ. ಅವಳಿಗೆ ಅಳಲು ಆ ಮನೆಯಲ್ಲಿ ಕೋಣೆಯೇ ಉಳಿದಿಲ್ಲ!

ಎಲಿನರ್ ಪಾತ್ರ ಮಾಡಿದ ಎಮ್ಮಾ ಥಾಂಪ್ಸನ್ ಅವರೇ ಚಿತ್ರಕಥೆ ಬರೆದವರು. ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದರು, ಆಸ್ಕರ್ ಬಂತು. ಕಾದಂಬರಿಯಲ್ಲಿ ಎಲಿನರ್‌ಗೆ 19 ವರ್ಷ, ಇವರಿಗೆ ಮೂವತ್ತೈದು ದಾಟಿತ್ತು ಅಂತ ತಕರಾರು ತೆಗೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಷ್ಟು ಭಾರ ಹೊತ್ತ ಹುಡುಗಿ ವಯಸ್ಸಿಗಿಂತ ದೊಡ್ಡವಳಾಗಿ ಕಾಣುತ್ತಾಳೆ. ಒಂದೇ ಬೇಸರ ಅಂದರೆ, ತಂಗಿ ಜ್ವರದಲ್ಲಿ ಮಲಗಿರುವಾಗ ವಿಲ್ಲೋಬಿ ಬಂದು ಎಲಿನರ್ ಎದುರು ತಪ್ಪೊಪ್ಪಿಕೊಳ್ಳುವ ಭಾಗ ಸಿನಿಮಾದಲ್ಲಿಲ್ಲ. ಅದು ಇರಬೇಕಿತ್ತು.

ಆದರೆ ಕೊನೆಯ ಅಳು ಮಾತ್ರ ಪುಸ್ತಕಕ್ಕಿಂತ ಸಿನಿಮಾದಲ್ಲೇ ದೊಡ್ಡದು. ತಾನು ಪ್ರೀತಿಸಿದ ಎಡ್ವರ್ಡ್, ಅಂದರೆ ಫ್ಯಾನಿಯ ತಮ್ಮ, ಬೇರೊಬ್ಬಳಿಗೆ ಮದುವೆಯ ಮಾತು ಕೊಟ್ಟಿದ್ದಾನೆ ಎಂದು ತಿಳಿದು ತಿಂಗಳುಗಟ್ಟಲೆ ನುಂಗಿಕೊಂಡಿದ್ದವಳು, ಕೊನೆಗೆ ಅವನ ಮದುವೆ ಆಗಿಹೋಯಿತು ಎಂದೇ ನಂಬಿದವಳು ಎಲಿನರ್. ಮದುವೆ ಆದದ್ದು ತಾನಲ್ಲ, ತನ್ನ ತಮ್ಮ ಎಂದು ಅವನು ಹೇಳಿದಾಗ ಪುಸ್ತಕದಲ್ಲಿ ಅವಳು ಕೋಣೆಯಿಂದ ಓಡಿಹೋಗಿ, ಬಾಗಿಲು ಮುಚ್ಚಿಕೊಂಡ ಮೇಲೆ ಅಳುತ್ತಾಳೆ. ಸಿನಿಮಾದಲ್ಲಿ ಓಡುವುದಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಈ ಸಲ ಎದ್ದು ಹೊರಗೆ ಹೋಗುವವರು ಅಮ್ಮ, ತಂಗಿಯರು. ಕೋಣೆ ಅವಳಿಗೆ ಸಿಗುತ್ತದೆ.

ಹೋದ ದೀಪಾವಳಿಗೆ ದೊಡ್ಡತ್ತೆ ನಮ್ಮ ಮನೆಗೆ ಬಂದಿದ್ದರು. ಲ್ಯಾಪ್‌ಟಾಪ್‌ನಲ್ಲಿ ಈ ಸಿನಿಮಾ ಹಾಕಿ, ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡು ಮದುವೆಯೂ ಆಗಿ, ಹೆಸರುಗಳು ಬರತೊಡಗಿದವು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೇಳಿದರು: "ಆ ಮನೆ ಅವರಿಗೆ ವಾಪಸ್ ಬಂತಾ?"

ಇಲ್ಲ, ಅಣ್ಣನ ಹತ್ತಿರವೇ ಉಳಿಯಿತು ಅಂದೆ.