ಬಿಸಿಲಿನ ಊರಲ್ಲೇ ಬ್ಯಾಟರಿ ಕೂತರೆ

ಕಲಬುರಗಿಯ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲಿ ಒಂದು ಸಣ್ಣ ಕಾರಿದೆ. ನಾನು ಊರಿಗೆ ಬಂದಾಗ ಒಂದು ತಿಂಗಳು ಓಡುತ್ತದೆ, ಉಳಿದ ಹನ್ನೊಂದು ತಿಂಗಳು ಧೂಳು ತಿನ್ನುತ್ತಾ ನಿಂತಿರುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ ಇನ್ನೊಂದು ಗಾಡಿ ಇದೆ. ಮಂಚ, ಒಲೆ, ಬಚ್ಚಲು ಎಲ್ಲ ಇರುವ ಟ್ರೇಲರ್ ಮನೆ, ಅಲ್ಲಿಯವರ ಬಾಯಲ್ಲಿ ಆರ್‌ವಿ. ಬೇಸಿಗೆಯಲ್ಲಿ ತಿರುಗಾಟ, ಆಮೇಲೆ ಆರು ತಿಂಗಳು ಹಿಮದಲ್ಲಿ ನಿದ್ದೆ. ಎರಡರ ಬ್ಯಾಟರಿಯನ್ನೂ ಒಂದೊಂದು ಸಲ ಹಾಳು ಮಾಡಿಕೊಂಡವನು ನಾನು.

ಆರ್‌ವಿಯದು ನನ್ನ ದಡ್ಡತನ. ಮೇಲೆ ಸೋಲಾರ್ ಪ್ಯಾನೆಲ್ ಇದೆಯಲ್ಲ ಅಂತ ಧೈರ್ಯ. ಚಳಿಗಾಲಕ್ಕೆ ನಿಲ್ಲಿಸುವಾಗ ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಬಂದೆ. ಪ್ಯಾನೆಲ್ಲಿನ ವೈರೂ ಅದೇ ಸ್ವಿಚ್ ದಾಟಿಯೇ ಬ್ಯಾಟರಿಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ಮಾತ್ರ ಸ್ವಿಚ್ಚಿಗೆ ಸಿಗದೆ ನೇರ ಬ್ಯಾಟರಿಗೇ ಅಂಟಿಕೊಂಡಿತ್ತು. ಅದು ಹಗಲೂ ರಾತ್ರಿ ಕುಡಿಯಿತು, ತುಂಬುವವರು ಯಾರೂ ಇಲ್ಲ. ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿ (ಸೀಸದ ಪ್ಲೇಟು, ಆಸಿಡ್ ನೀರು ಇರುವ ಮಾಮೂಲಿ ಬ್ಯಾಟರಿ) ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಬಹುದು. ಅಲ್ಲಿ ಮೈನಸ್ 30ರ ರಾತ್ರಿಗಳೂ ಬರುತ್ತವೆ. ಏಪ್ರಿಲ್‌ನಲ್ಲಿ ನೋಡಿದರೆ ಡಬ್ಬಿಯ ಎರಡೂ ಪಕ್ಕ ಉಬ್ಬಿ, ಒಂದು ಮೂಲೆ ಸೀಳಿತ್ತು.

ಪೂರ್ತಿ ತುಂಬಿದ ಬ್ಯಾಟರಿಯಾಗಿದ್ದರೆ ಅದೇ ಚಳಿ ಏನೂ ಮಾಡುತ್ತಿರಲಿಲ್ಲ. ಮೈನಸ್ 50ಕ್ಕೂ ಅದು ಗಟ್ಟಿಯಾಗುವುದಿಲ್ಲ. ಅಷ್ಟೇ ಅಲ್ಲ, ಚಳಿಯಲ್ಲಿ ಬ್ಯಾಟರಿ ತಾನಾಗಿ ಇಳಿಯುವುದೂ ತುಂಬ ನಿಧಾನ. ಪೂರ್ತಿ ಚಾರ್ಜ್ ಮಾಡಿ, ವೈರ್ ಬಿಚ್ಚಿಟ್ಟರೆ ವಸಂತದವರೆಗೂ ನಡೆಯುತ್ತದೆ. ಆದರೂ ನಮ್ಮ ಬೀದಿಯ ಮುದುಕರೊಬ್ಬರು ಸಣ್ಣ ಪ್ಯಾನೆಲ್ಲನ್ನು ಆರ್‌ವಿಯ ಹಿಂದಿನ ಏಣಿಗೆ ದಕ್ಷಿಣಕ್ಕೆ ಮುಖ ಮಾಡಿ, ಹೆಚ್ಚುಕಮ್ಮಿ ನೆಟ್ಟಗೆ ಕಟ್ಟುತ್ತಾರೆ. ಹಿಮ ಬಿದ್ದರೂ ಜಾರಿ ಹೋಗಲಿ, ನೆತ್ತಿಗೆ ಬಾರದ ಡಿಸೆಂಬರ್ ಸೂರ್ಯನೂ ಸಿಗಲಿ ಅಂತ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲೇ ಎಂಟು ಗಂಟೆ!

ಈಗ ಕಲಬುರಗಿಗೆ ಬನ್ನಿ. ಇಲ್ಲಿ ಎಲ್ಲ ಉಲ್ಟಾ. ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಟರಿ ತಾನಾಗಿ ಇಳಿಯುವ ವೇಗ ಸುಮಾರು ಇಮ್ಮಡಿ. ಮೇ ತಿಂಗಳಲ್ಲಿ ಹೊರಗೇ 42 ಇದ್ದರೆ ತಗಡಿನ ಕೆಳಗೆ ಕೇಳಬೇಕಾ? ಅಂದರೆ ಪ್ಯಾನೆಲ್ ನಿಜವಾಗಿ ಬೇಕಾಗಿರುವುದು ಇಲ್ಲಿ. ಕಟ್ಟುವವರು ಮಾತ್ರ ಅಲ್ಲಿದ್ದಾರೆ.

ಇಲ್ಲಿಯ ಪದ್ಧತಿ ನಿಮಗೂ ಗೊತ್ತು. ವಾರಕ್ಕೊಮ್ಮೆ ಯಾರಾದರೂ ಬಂದು ಐದು ನಿಮಿಷ ಸ್ಟಾರ್ಟ್ ಮಾಡಿ ಹೋಗುವುದು. ಸ್ಟಾರ್ಟ್ ಮಾಡುವಾಗ ಎಳೆದದ್ದೇ ನಿಂತಲ್ಲೇ ಗುರುಗುಟ್ಟಿದರೆ ಸರಿಯಾಗಿ ತುಂಬುವುದಿಲ್ಲ. ನನಗೆ ಕೇಳಿದರೆ ಇದು ಸುಮ್ನೆ ಪೆಟ್ರೋಲ್ ಸುಡುವ ಕೆಲಸ. ಕಾಕಾ ಎರಡು ವರ್ಷ ಹೀಗೇ ಮಾಡಿದರು. ಮೂರನೇ ವರ್ಷ ನಾನು ಸ್ಟೇಷನ್ನಿನಿಂದ ಬಂದಾಗ, 'ಬ್ಯಾಟ್ರಿ ಕುಂತದಪಾ' ಅಂದರು. ಓಣಿಯ ನಾಲ್ಕು ಹುಡುಗರು ದಬ್ಬಿದರು.

ಕಾಕಾನ ಇನ್ನೊಂದು ಉಪಾಯ ಚೆನ್ನಾಗಿದೆ: ಹತ್ತರ ಪಾನಾ, ಅಂದರೆ ಸ್ಪ್ಯಾನರ್, ತಗೊಂಡು ಬ್ಯಾಟರಿಯ ಮೈನಸ್ ವೈರ್ ಬಿಚ್ಚುವುದು. ಗಡಿಯಾರ, ಅಲಾರಂ ಅಂತ ಕಾರು ನಿಂತಲ್ಲೇ 30 ಮಿಲಿಆಂಪ್‌ನಷ್ಟು ಎಳೆದರೂ ದಿನಕ್ಕೆ 0.7 ಆಂಪ್ ಅವರ್ ಹೋಯಿತು (ಬ್ಯಾಟರಿಯೊಳಗೆ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ ಅದು). 35 ಆಂಪ್ ಅವರ್ ಬ್ಯಾಟರಿಗೆ ಅದು ತಿಂಗಳೊಪ್ಪತ್ತಿನ ಬಾಳು. ವೈರ್ ಬಿಚ್ಚಿದರೆ ಈ ಸೋರಿಕೆ ನಿಲ್ಲುತ್ತದೆ. ಎರಡು ತಿಂಗಳಿಗಾದರೆ ನನ್ನ ಓಟೂ ಪಾನಾಕ್ಕೇ. ಹನ್ನೊಂದು ತಿಂಗಳಿಗೆ, ಅದೂ ಈ ಸೆಕೆಯಲ್ಲಿ, ಆಗಲ್ಲ. 12.4 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಹಿಡಿಯುವುದಿಲ್ಲ.

ಹೋದ ಜನವರಿಯಲ್ಲಿ 10 ವ್ಯಾಟಿನ ಪ್ಯಾನೆಲ್ ತಂದು ಮಾಳಿಗೆಯ ಮೇಲೆ ಕೂರಿಸಿದೆ. ಕಾರು ನೆರಳಲ್ಲೇ ಇರಲಿ, ವೈರ್ ಮಾತ್ರ ಇಳಿದು ಬರಲಿ ಅಂತ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಎರಡು ಆಂಪ್ ಅವರ್ ಆರಾಮಾಗಿ ಬರುತ್ತದೆ. ನಡುವೆ ಚಾರ್ಜ್ ಕಂಟ್ರೋಲರ್, ಅಂದರೆ ಬ್ಯಾಟರಿಗೆ ಅತಿಯಾಗಿ ತುಂಬದಂತೆ ತಡೆಯುವ ಡಬ್ಬಿ, ಇರಲೇಬೇಕು, ಅದೂ ಶಾಖ ನೋಡಿ ವೋಲ್ಟ್ ಇಳಿಸುವಂಥದ್ದು. 25 ಡಿಗ್ರಿಯಲ್ಲಿ 13.6 ಕೊಟ್ಟರೆ 40ರಲ್ಲಿ 13.3 ಸಾಕು. ಇಲ್ಲದಿದ್ದರೆ ನಮ್ಮ ಸೆಕೆಗೆ ಬ್ಯಾಟರಿಯ ನೀರು ಆರಿ ಹೋಗುತ್ತದೆ. ಕೆನಡಾದ ಲೆಕ್ಕವನ್ನು ಹಾಗೇ ತಂದು ಇಲ್ಲಿ ಕೂರಿಸಿದರೆ ಆಗುವ ತಪ್ಪು ಇದೇ.

ಕಾಕಾ ಕೆಳಗೆ ಏಣಿ ಹಿಡಿದು ನಿಂತು, 'ಸೂರ್ಯ ನಮ್ಮ ನೆತ್ತಿ ಮ್ಯಾಲೇ ಕುಂತಾನ. ನೀ ಹಿಮದೂರಿಂದ ಬಿಸಲ ಕಲಿಸಲಾಕ ಬಂದಿ ಏನಪಾ?' ಅಂದರು.

'ಬಿಸಲ ನಿಮ್ಮದೇ ರಿ ಕಾಕಾ. ವೈರ್ ಅಷ್ಟೇ ನಂದು.'

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಕಂಟ್ರೋಲರಿನ ವೋಲ್ಟ್ ನಂಬರ್ ಓದಿ ಹೇಳುವುದು ಅವರ ಕೆಲಸವಾಯಿತು. ಮಧ್ಯಾಹ್ನದ ಹೊತ್ತಿಗೆ ಸದಾ 13ರ ಮೇಲೆಯೇ ಇರುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ದಿನ 12.5 ಅಂದರು. ಮುಂದಿನ ವಾರ 12.4. ಧೂಳು ಒರೆಸಿದ್ರಾ ಅಂದೆ. ಒರೆಸೀನಿ ಅಂದರು. ವೈರ್ ಸಡಿಲಾಗಿದೆಯಾ? ಇಲ್ಲ. ಕೊನೆಗೆ ವಿಡಿಯೋ ಕಾಲ್ ಮಾಡಿ ಮಾಳಿಗೆ ಹತ್ತಿಸಿದೆ. ಕಾಕಿ ಕುರಡಿಗಿ, ಅಂದರೆ ಸಂಡಿಗೆ, ಒಣಹಾಕಿದ್ದರು. ಕಾಗೆ ಕಾಯಲು ಅವರು ಕೂರಬೇಕಲ್ಲ, ಅದಕ್ಕೆ ಹಳೇ ಸೀರೆಯ ಚಪ್ಪರ. ಅದರ ಒಂದು ಗೂಟ ನನ್ನ ಪ್ಯಾನೆಲ್ಲಿನ ಸ್ಟ್ಯಾಂಡು, ನೆರಳು ಪೂರ್ತಿ ಪ್ಯಾನೆಲ್ಲಿನ ಮೇಲೆ.

'ಕುರಡಿಗಿ ಮುಗಿಯೋತನಾ ಸೀರಿ ತೆಗಿಯಂಗಿಲ್ಲ' ಅಂದರು ಕಾಕಿ. ಕಾಕಾ ಪಾನಾ ಹುಡುಕಲು ಕೆಳಗೆ ಇಳಿದರು.