ಸತ್ಯಾಂಶ: ಪುಟ್ಟ ಮಕ್ಕಳ ಕಲಿಕೆಯಲ್ಲಿ ಅಪ್ಪನಿಗೆ ಕೆಲಸವಿಲ್ಲವೇ?

"ಆರು ವರ್ಷದವರೆಗೆ ಮಗುವಿನ ಕಲಿಕೆ ಅಮ್ಮ ಮತ್ತು ಟೀಚರ್ ಜವಾಬ್ದಾರಿ. ಓದು ಬಾರದ ಅಪ್ಪ ಕಲಿಸಲು ಕೂತರೆ ಮಗು ಹಿಂದೆ ಬೀಳುತ್ತದೆ." ವಾಟ್ಸಾಪ್‌ನಲ್ಲಿ ಹೀಗೊಂದು ಮಾತು ಓಡಾಡುತ್ತದೆ. ಇದು ತಪ್ಪು.

ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಈ ವಯಸ್ಸಲ್ಲಿ ಕಲಿಕೆ ಅಂದರೆ ಅಕ್ಷರ ತಿದ್ದುವುದಷ್ಟೇ ಅಲ್ಲ. ಮಾತು, ಆಟ, ಕೇಳಿದ ಪ್ರಶ್ನೆಗೆ ಸಿಗುವ ಉತ್ತರ, ಎಲ್ಲವೂ ಕಲಿಕೆಯೇ.

ಅವರೆಕಾಯಿ ಸುಲಿಯುವಾಗ ಮಗುವನ್ನು ಪಕ್ಕ ಕೂರಿಸಿಕೊಳ್ಳಿ. ಈ ಕಾಯಲ್ಲಿ ಎಷ್ಟು ಕಾಳು? ಯಾವುದರಲ್ಲಿ ಜಾಸ್ತಿ? ಹುಳ ಬಿದ್ದದ್ದು ಯಾವುದು? ಮಗು ಎಣಿಸುತ್ತದೆ, ಹೋಲಿಸುತ್ತದೆ, ಬೇರೆ ಮಾಡುತ್ತದೆ. ಬೆರಳುಗಳೂ ಪಳಗುತ್ತವೆ. ನಾಳೆ ಪೆನ್ಸಿಲ್ ಹಿಡಿಯಲು ಬೇಕಾದ್ದೂ ಅದೇ ಅಲ್ವಾ? ಇದಕ್ಕೆ ಅಪ್ಪನಿಗೆ ಓದು ಬರಲೇಬೇಕೆಂದಿಲ್ಲ. ಚಿತ್ರದ ಪುಸ್ತಕ ಹಿಡಿದು ಕಥೆ ಕಟ್ಟಿ ಹೇಳಬಹುದು. ತುಳುವೋ ಉರ್ದುವೋ, ಮನೆಮಾತಿನಲ್ಲೇ ಹೇಳಲಿ. ಶಾಲೆಯ ಕನ್ನಡಕ್ಕೆ ಅದು ಅಡ್ಡಿಯಲ್ಲ.

ಕತ್ತಲಾದ ಮೇಲೆ ಕೂಲಿಯಿಂದ ಬರುವ ಅಪ್ಪಂದಿರ ಕಷ್ಟ ನಿಜ. ಊಟಕ್ಕೆ ಕೂತಾಗಿನ ಹತ್ತು ನಿಮಿಷದ ಮಾತೂ ಲೆಕ್ಕಕ್ಕೆ ಬರುತ್ತದೆ. ಅಜ್ಜ, ಚಿಕ್ಕಪ್ಪ, ಮಾವ ಕೈಜೋಡಿಸಲಿ.

ಕಾನೂನೂ ಮನೆಯವರನ್ನು ಹೊರಗಿಟ್ಟಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರೇ. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತೇವೆ. ಶಾಲೆಗೆ ಸೇರುವವರೆಗೆ ಕಾಯಬೇಕಿಲ್ಲ. ಮಗುವನ್ನು ಅಂಗನವಾಡಿಗೆ ಬಿಡಲು ಹೋದ ಅಪ್ಪ ಗೇಟಲ್ಲೇ ಸುಮ್ನೆ ತಿರುಗದೆ, "ನಿನ್ನೆ ಏನು ಆಡಿದ್ರು ಟೀಚರ್?" ಎಂದು ಕೇಳಲಿ.